ಮುಂಜಾನೆ ಎಂಟೂ ಇಪ್ಪತ್ತರ ಎದೆಬಡಿತ

ತನ್ನ ಎದೆ ಕೆಟ್ಟಿದೆಯೆಂದು ಮಂದಾಕಿನಿ ತಡಸದ ಎಂಬ ಹತ್ತೊಂಬತ್ತರ ಹುಡುಗಿಗೆ ಗೊತ್ತಾದಾಗ ಬೆಳಗಿನ ಹನ್ನೊಂದು ಗಂಟೆ. ಅವತ್ತೇ ಸಂಜೆ ಐದರೊಳಗೆ ಅವಳು ಇಡೀ ಜೀವಮಾನಕ್ಕೊಂದು ಆರೋಗ್ಯ ವಿಮೆ ಆರಿಸಬೇಕಾಗಿತ್ತು.

ಈ ವಿಮೆಯ ರಗಳೆಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಆ ಕಾಲಕ್ಕೆ ಕಾಲೇಜಿನ ಎರಡನೇ ವರ್ಷದವರಿಗೆಲ್ಲ ಕೈಗೊಂದು ಪಟ್ಟಿ ಕಟ್ಟುತ್ತಿದ್ದರು. ಸರ್ಕಾರದ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು, ಮಕ್ಕಳು ಮಾತ್ರ ಬಳೆ ಅನ್ನುತ್ತಿದ್ದರು. ನಲವತ್ತು ದಿನ ಅದು ಎದೆಬಡಿತ, ಉಸಿರು, ಬೆವರಿನ ಉಪ್ಪು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಆಮೇಲೆ ಗಣನಯಂತ್ರ ಆ ಗೆರೆಗಳನ್ನು ಓದಿ, ಮುಂದೆ ಈ ದೇಹಕ್ಕೆ ಯಾವ ರೋಗ, ಎಷ್ಟನೇ ವಯಸ್ಸಿಗೆ ಎಂದು ಹೇಳುತ್ತಿತ್ತು. ರೋಗವಿಲ್ಲದಿದ್ದರೆ ಹಸಿರು, ಇದ್ದರೆ ಕೆಂಪು. ಯಂತ್ರ ತಪ್ಪಿದ್ದು ಬಹಳ ಕಡಿಮೆ.

ಆಮೇಲಿನದು ಆಯ್ಕೆ. ತೆರೆದ ಯೋಜನೆ ತೆಗೆದುಕೊಂಡರೆ ನಿಮ್ಮ ಗೆರೆಯನ್ನು ಕಂಪನಿ ನೋಡುತ್ತದೆ. ಹಸಿರಿನವರಿಗೆ ಕಂತು ಚಹಾದ ಖರ್ಚಿನಷ್ಟು. ಕೆಂಪಿನವರಿಗೆ, ಯಾವ ರೋಗ ಬರುತ್ತದೆಂದು ಯಂತ್ರ ಹೇಳಿತ್ತೋ ಅದೊಂದಕ್ಕೆ ಮಾತ್ರ ವಿಮೆಯಿಲ್ಲ. ಬಿಸಿಲಿಗೆ ಕೊಡೆ ಕೊಡುತ್ತೇವೆ, ಮಳೆಗೆ ಮಾತ್ರ ಇಲ್ಲ ಅಂದ ಹಾಗೆ! ಮುಚ್ಚಿದ ಯೋಜನೆಯಲ್ಲಿ ಯಾರೂ ಗೆರೆ ನೋಡುವಂತಿಲ್ಲ. ಸೇರಿದ ಕೂಡಲೇ ಬಳೆ ಕತ್ತರಿಸಿ, ನಲವತ್ತು ದಿನದ ಗೆರೆಯನ್ನು ಪೂರ್ತಿ ಅಳಿಸಿಬಿಡಬೇಕು. ಎಲ್ಲ ರೋಗಕ್ಕೂ ವಿಮೆ, ಎಲ್ಲರಿಗೂ ಒಂದೇ ಕಂತು. ಆದರೆ ಹಸಿರಿನವರು ಅದರ ಕಡೆ ತಿರುಗಿಯೂ ನೋಡದ್ದರಿಂದ ಅಲ್ಲಿ ಉಳಿಯುತ್ತಿದ್ದವರು ಕೆಂಪಿನವರೇ. ಕಂತು ವರ್ಷ ವರ್ಷ ಏರುತ್ತಿತ್ತು. ಆಯ್ಕೆ ಒಂದೇ ಸಲ. ಐದು ಗಂಟೆ ದಾಟಿದರೆ ಮುಚ್ಚಿದ ಯೋಜನೆಯ ಬಾಗಿಲು ಸಾಯುವತನಕ ತೆರೆಯುವುದಿಲ್ಲ.

ಕಾಲೇಜಿನ ಮೂರನೇ ಮಹಡಿಯ ಗಣನ ಕೋಣೆಯಲ್ಲಿ ಡಾಕ್ಟರ್ ಸುಲೋಚನಾ ಹಾವನೂರ ಪರದೆಯನ್ನು ಮಂದಾಕಿನಿಯ ಕಡೆ ತಿರುಗಿಸಿದರು. ಐವತ್ತು ದಾಟಿದ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ. ಪರದೆಯ ಮೇಲೆ ನಲವತ್ತು ದಿನದ ನಲವತ್ತು ಗೆರೆ ಒಂದರ ಕೆಳಗೊಂದು ಓಡುತ್ತಿದ್ದವು.

“ಎದಿ ನೋವು, ತಲಿ ತಿರುಗೂದು, ಏನಾರ ಐತೇನು ತಂಗಿ?”

“ಇಲ್ರಿ ಮೇಡಂ.”

“ಹಂಗಾದ್ರ ಇದನ್ನ ನೋಡು. ದಿನಾ ಹನ್ನೊಂದರಿಂದ ಮರುದಿನ ಮುಂಜಾನಿ ಮಟ ನಿನ್ನ ಎದಿ ಕುದುರಿ ಇದ್ದಂಗ ಐತಿ. ಆದ್ರ ಇಲ್ಲಿ…” ಡಾಕ್ಟರ ಬೆರಳು ಪರದೆಯ ಮೇಲಿಂದ ಕೆಳಗೆ ಸರಿಯಿತು. ಹೆಚ್ಚುಕಮ್ಮಿ ಪ್ರತಿ ಗೆರೆಯೂ ಒಂದೇ ಜಾಗದಲ್ಲಿ ಸಿಕ್ಕುಬಿದ್ದ ನೂಲಿನಂತೆ ಗೋಜಲಾಗಿತ್ತು. “ಮುಂಜಾನಿ ಎಂಟೂ ಇಪ್ಪತ್ತು. ಭಾನುವಾರ ಬಿಟ್ಟು ದಿನಾ. ಬಡಿತ ತಾಳ ತಪ್ಪತೈತಿ, ನಡುವ ಒಂದೊಂದು ಸಲ ನಿಂತಾ ಬಿಡತೈತಿ. ಆ ಹೊತ್ತಿನಾಗ ನೀ ಏನ್ ಮಾಡ್ತಿರ್ತಿ?”

“ಎಂಟೂವರಿ ಕ್ಲಾಸಿಗೆ ಬರ್ತಿರ್ತೀನ್ರಿ. ಮೂರ ಮಾಳಿಗಿ ಹತ್ತಿ,” ಎಂದಳು ಮಂದಾಕಿನಿ. ಹಾಜರಿ ಪುಸ್ತಕದಲ್ಲಿ ಹಾಗೇ ಇತ್ತು, ಬಾಯಿಗೂ ರೂಢಿಯಾಗಿತ್ತು.

ಅಂದ ಮರುಕ್ಷಣವೇ ಅವಳಿಗೆ ನಿಜ ನೆನಪಾಯಿತು. ಎಂಟೂ ಇಪ್ಪತ್ತಕ್ಕೆ ಅವಳು ಈ ಮೆಟ್ಟಿಲು ಹತ್ತಿ ತಿಂಗಳ ಮೇಲಾಗಿತ್ತು. ಆ ಹೊತ್ತಿಗೆ ಅವಳು ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿ, ಅವ್ವನ ಖಾನಾವಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವ್ವ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಕಾಲೇಜಿನವರು ಬಳೆಗೇ ಹಾಜರಿಯನ್ನೂ ಜೋಡಿಸಿದ್ದರು, ಬಳೆ ತರಗತಿಯ ಬಾಗಿಲು ದಾಟಿದರೆ ಹಾಜರಿ ಬಿತ್ತು. ಇಂಥದ್ದನ್ನು ಮಾಡಿಕೊಟ್ಟ ಮೇಲೆ ನಮ್ಮ ಮಕ್ಕಳು ಸುಮ್ಮನಿರುತ್ತಾರೆಯೇ? ಬಳೆಯ ಕೊಂಡಿಯನ್ನು ಹೇರ್‌ಪಿನ್ನಿನಿಂದ ಬಿಚ್ಚುವ ವಿದ್ಯೆ ಎರಡೇ ದಿನದಲ್ಲಿ ಹಾಸ್ಟೆಲ್ ತುಂಬ ಹರಡಿತ್ತು. ಮಂದಾಕಿನಿಯ ಬದಲು ಹಾಜರಿ ಬೀಳಿಸಿ ಪ್ರಾಕ್ಸಿ ಹಾಕುತ್ತಿದ್ದವಳು ಅವಳ ಕೋಣೆಯ ಗೆಳತಿ ರೆಹಾನಾ ಸವಣೂರ. ಅವಳದು ಕಾಮರ್ಸು, ಹನ್ನೊಂದಕ್ಕೆ ನೆಲಮಹಡಿಯಲ್ಲೇ ಕ್ಲಾಸು. ಒಂದೇ ಕೈಗೆ ಎರಡು ಬಳೆ ಇದ್ದರೆ ಬಾಗಿಲು ಕಿರುಚುತ್ತಿತ್ತು. ಅದಕ್ಕೆ ರೆಹಾನಾ ತನ್ನ ಬಳೆಯನ್ನು ಬಿಚ್ಚಿ ಚಾರ್ಜಿಗೆ ಹಾಕಿ, ಮಂದಾಕಿನಿಯದನ್ನು ಕಟ್ಟಿಕೊಂಡು ಹೋಗುತ್ತಿದ್ದಳು. ಚಾರ್ಜಿಗೆಂದು ದಿನಕ್ಕೆ ಮೂರು ತಾಸು ಬಳೆ ಬಿಚ್ಚಿಡಲು ಕಾಯಿದೆಯಲ್ಲೇ ಅವಕಾಶವಿತ್ತು.

ನನ್ನದಲ್ಲ! ಇದು ನನ್ನ ಎದೆಯಲ್ಲ! ಮಂದಾಕಿನಿಗೆ ಕುಣಿದುಬಿಡುವಷ್ಟು ಖುಷಿಯಾಯಿತು. ಆ ಖುಷಿ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ತನ್ನದಲ್ಲದಿದ್ದರೆ ಯಾರದು ಎಂದು ಹೊಳೆಯಿತು. “ನಿಮ್ಮ ಕ್ಲಾಸು ಏನ್ ಆಕಾಶದಾಗ ಐತೇನಲೇ, ಹತ್ತೂದ್ರಾಗ ನನ್ನ ಜೀವಾ ಹೋಗತೈತಿ,” ಎಂದು ರೆಹಾನಾ ದಿನವೂ ಬೈಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

“ಇಪ್ಪತ್ತೈದು ವರ್ಷ ತುಂಬೂದ್ರೊಳಗ ಎದಿ ನಿಲ್ಲತೈತಿ ಅಂತ ಯಂತ್ರ ಹೇಳತೈತಿ,” ಎಂದರು ಡಾಕ್ಟರು. “ನನ್ನ ಕೇಳಿದ್ರ ನಾಳೆನೂ ಆಗಬಹುದು. ಆಪರೇಶನ್ ಮಾಡಿದ್ರ ಪೂರಾ ನೆಟ್ಟಗಾಕ್ಕೈತಿ. ಅಲ್ಲೀಮಟ ಓಡಬ್ಯಾಡ, ಮೆಟ್ಟಲಾ ಹತ್ತಬ್ಯಾಡ. ಮುಚ್ಚಿದ ಯೋಜನಾ ತಗೊ. ಏನಾರ ಅನುಮಾನ ಇದ್ರ ಮರುಪರೀಕ್ಷೆಗೆ ಅರ್ಜಿ ಹಾಕು.”

“ಮರುಪರೀಕ್ಷೆ ಅಂದ್ರ?”

“ಮತ್ತ ನಲವತ್ತು ದಿನ ಬಳಿ ಕಟ್ಟತಾರ. ಹಳೇ ಗೆರಿ, ಹೊಸಾ ಗೆರಿ ಹೋಲಿಸ್ತಾರ. ಎರಡೂ ಒಬ್ಬರದಲ್ಲ ಅಂತ ಕಂಡ್ರ ಕಾಲೇಜಿನ ಎಲ್ಲಾರ ಗೆರಿ ತಗದು, ಅದು ಯಾರದಂತ ಹುಡುಕತಾರ.” ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಹೋದ ವರ್ಷ ಬಳಿ ಅದಲಿ ಬದಲಿ ಮಾಡಿದ ಇಬ್ಬರು ಸಿಕ್ಕಿಬಿದ್ರು. ಬ್ಯಾನಿ ಮುಚ್ಚಿಟ್ಟವರಿಗೆ ಈ ದೇಶದಾಗ ಇನ್ನ ಯಾವ ವಿಮೆನೂ ಇಲ್ಲ. ಬಳಿ ಕೊಟ್ಟವರಿಗೆ ಬರೇ ದಂಡ.”

ಮಂದಾಕಿನಿ ಅಲ್ಲಿಂದ ಹೊರಬಂದಾಗ ಬಾಗಿಲ ಪಕ್ಕದ ಫಲಕದಲ್ಲಿ, ಸೇರುವವರ ಬಣ್ಣ ನೋಡಿ ಏರಿಳಿಯುವ ಮುಚ್ಚಿದ ಯೋಜನೆಯ ಕಂತು ಮತ್ತೊಂದು ಮೆಟ್ಟಿಲು ಏರಿತ್ತು. ರೆಹಾನಾ ನಿನ್ನೆಯೇ ಹಸಿರು ಬಂತೆಂದು ತೆರೆದ ಯೋಜನೆಗೆ ಕೈ ಒತ್ತಿ, ಹಾಸ್ಟೆಲ್ಲಿಗೆಲ್ಲ ಪೇಢೆ ಹಂಚಿದ್ದಳು. ಅದನ್ನು ಹಿಂತೆಗೆದುಕೊಳ್ಳಲೂ ಇವತ್ತು ಸಂಜೆ ಐದೇ ಗಡುವು. ಮಂದಾಕಿನಿ ಫೋನು ಮಾಡಿದಳು. ರೆಹಾನಾಳ ಫೋನು ಸ್ವಿಚ್ ಆಫ್. ಅವಳಿಗೆ ಅಂದು ನಾಲ್ಕರವರೆಗೆ ಪ್ರೊಫೆಸರರ ಜೊತೆ ಗೋಕುಲ ರಸ್ತೆಯ ಕಾರ್ಖಾನೆ ನೋಡುವ ಕಾರ್ಯಕ್ರಮವಿತ್ತು.

ಬೇರೆಲ್ಲಿಗೂ ಹೋಗಲು ತೋಚದೆ ಅವಳು ಅವ್ವನ ಹತ್ತಿರ ಹೋದಳು.

ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಗದ್ದಲ. ಅವ್ವ ನೀಲವ್ವ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಎಡಗೈಯಲ್ಲೇ ಮುಳಗಾಯಿ ಎಣಗಾಯಿ ಪಲ್ಯ ಬಡಿಸುತ್ತಿದ್ದಳು. ಮಗಳ ಮುಖ ನೋಡಿದ್ದೇ ಅಡುಗೆಮನೆಗೆ ಎಳೆದುಕೊಂಡು ಹೋದಳು. ಮಂದಾಕಿನಿ ಒಂದೂ ಬಿಡದೆ ಹೇಳಿದಳು. ಹೇಳುವಾಗ ಅಳು ಬಂತು.

“ಅಂದ್ರ ನಿನ್ನ ಎದಿಗೆ ಏನೂ ಆಗಿಲ್ಲಲ್ಲಾ?” ಅವ್ವ ಎರಡು ಸಲ ಕೇಳಿದಳು. ಆಮೇಲೆ ಗೋಡೆಗೆ ಒರಗಿ ನಿಂತಳು. “ಯವ್ವಾ, ನನ್ನ ಜೀವಾನಾ ಹೋಗಿತ್ತು. ಹೋಗು, ಮರುಪರೀಕ್ಷಾ ಬರದು ಕೊಡು. ಮೊದಲ ನಿನ್ನ ಹೆಸರು ಹಸಿರು ಮಾಡ್ಕೊ.”

“ಮತ್ತ ರೆಹಾನಾ?”

“ಆಕಿಗೆ ಹೇಳು, ದವಾಖಾನಿಗೆ ಹೋಗ್ಲಿ.”

“ಯಾವ ವಿಮೆನೂ ಇಲ್ಲದ ಹೆಂಗ ಹೋಗ್ತಾಳ? ಬಾಯಿ ಮುಚ್ಚಿಕೊಂಡು ತೆರೆದ ಯೋಜನಾದಾಗ ಇದ್ರೂ ಅಷ್ಟ, ಎದಿ ಬ್ಯಾನಿ ಅಂತ ಹೋದ ದಿನಾನಾ ಹಳೇ ಗೆರಿ ತಗದು ನೋಡ್ತಾರ. ಆಕೀ ಪ್ರಾಕ್ಸಿ ಹಾಕಿದ್ದು ನನ್ನ ಸಲುವಾಗಿ ಯವ್ವಾ. ನಾ ಇಲ್ಲಿ ಬಂದು ನಿನ್ನ ರೊಟ್ಟಿ ಬಡೀಲಿ ಅಂತ.”

ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು. ಪಂಚಾಕ್ಷರಿ ಮಾಸ್ತರು, ತಿಂಗಳ ಊಟದ ಹಳೆಯ ಗಿರಾಕಿ. ಎರಡು ರೊಟ್ಟಿ ತಿನ್ನುವ ತನಗೂ ಎಂಟು ತಿನ್ನುವ ಹಮಾಲನಿಗೂ ಒಂದೇ ರೇಟು ಏಕೆಂದು ಅವರ ತಕರಾರು. ತಿಂಗಳಿಗೊಮ್ಮೆ ಅವರಿಗೆ ಇದು ನೆನಪಾಗುತ್ತಿತ್ತು.

ಅವ್ವ ತನ್ನ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿಕೊಂಡಳು. “ಮಾಸ್ತರ, ಹೋದ ವರ್ಷ ನೀವು ಟೈಫಾಯಿಡ್ ಬಂದು ಮಲಗಿದಾಗ ಎರಡು ತಿಂಗಳ ಗಂಜಿ, ಹಾಲು, ಹಣ್ಣು ಮನಿಗೆ ಕಳಿಸಿದ್ನೆಲ್ಲಾ, ಆವಾಗ ರೇಟಿನ ಮಾತು ಯಾಕ ಬರಲಿಲ್ಲ? ಆ ಹಮಾಲ ಕೇಳಿದ್ನೇನು, ನನ್ನ ರೊಕ್ಕದಾಗ ಮಾಸ್ತರಗ ಯಾಕ ಹಾಲು ಅಂತ? ತಿಂಗಳ ಊಟ ಅಂದ್ರ ಹಿಂಗಾ. ಕಡಿಮಿ ತಿನ್ನಾವರೆಲ್ಲಾ ಎದ್ದು ಹೋದ್ರ ನಾ ಒಲಿ ಆರಿಸಿ ಮನಿಗೆ ಹೋಗಬೇಕಾಕ್ಕೈತಿ!”

ಮಾಸ್ತರು ತೆಪ್ಪಗೆ ತಾಟಿಗೆ ಕೈ ಹಾಕಿದರು. ಅವ್ವ ಬುಸುಗುಡುತ್ತ ಒಳಗೆ ಬಂದಾಗ ಮಂದಾಕಿನಿ ಅವಳನ್ನೇ ದಿಟ್ಟಿಸುತ್ತಿದ್ದಳು.

“ಏನ್ ನೋಡ್ತಿ ಹಂಗ?”

“ಏನಿಲ್ಲ. ನೀ ಮಾಸ್ತರಿಗೆ ಹೇಳಿದ್ದು ಕೇಳಾಕತ್ತಿದ್ದೆ.”

ತಾನು ಏನು ಹೇಳಿದೆನೆಂದು ಅವ್ವನಿಗೆ ಆಗ ತಿಳಿಯಿತು. “ಅದು ಬ್ಯಾರೆ, ಇದು ಬ್ಯಾರೆ,” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಜಲ್ಮ ಪೂರ್ತಿ ಕಟ್ಟೂದು ಐತೆಲ್ಲಾ ಮಂದಾ… ಜಲ್ಮ ಪೂರ್ತಿ,” ಎಂದು ಮೆಲ್ಲಗೆ ಅಂದಳು. ಆದರೆ ಮರುಪರೀಕ್ಷೆಯ ಮಾತನ್ನು ಮತ್ತೆ ಎತ್ತಲಿಲ್ಲ.

ನಾಲ್ಕಕ್ಕೆ ಮುಗಿಯಬೇಕಾದ ಕಾರ್ಯಕ್ರಮ ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ಕಾರ್ಖಾನೆಯ ಗೇಟಿನ ಮುಂದೆ ಕಾಯುತ್ತಿದ್ದ ಮಂದಾಕಿನಿ ರೆಹಾನಾಳನ್ನು ಗುಂಪಿನಿಂದ ಎಳೆದು ಆಟೋ ಹತ್ತಿಸಿ, ಬೆಳಗಿನದೆಲ್ಲ ಹೇಳತೊಡಗಿದಳು. ರೆಹಾನಾ ಮೊದಲು ನಕ್ಕಳು. “ಚಲೋ ಆತು ಬಿಡು, ನಿನ್ನ ಎದಿ ಕೆಂಪು ಅಂತ ಬಂದ್ರ ಯಾವ ಹುಡುಗ ಬರ್ತಾನ,” ಎಂದು ಚುಡಾಯಿಸಿದಳು. ಎಂಟೂ ಇಪ್ಪತ್ತು ಎಂಬ ಮಾತು ಬಂದ ಕೂಡಲೇ ಅವಳ ನಗು ನಿಂತಿತು.

“ದಮ್ಮು ಬರ್ತಿತ್ತು,” ಎಂದಳು. “ನಾಷ್ಟಾ ಮಾಡದ ಹೋಗ್ತಿದ್ನೆಲ್ಲಾ, ಅದಕ್ಕ ಅಂತ ಮಾಡಿದ್ದೆ. ಅಬ್ಬಾ ಹಿಂಗಾ ಹೋದ್ರು ಮಂದಾ. ಮಾಳಿಗಿ ಮ್ಯಾಲೆ ನೀರಿನ ಟಾಕಿ ನೋಡಾಕ ಹತ್ತಿದವರು ಕೆಳಗ ಬರಲೇ ಇಲ್ಲ. ಅಮ್ಮಿ ಒಬ್ಬಾಕಿನಾ ಅದಾಳ. ಆಕಿಗೆ ಏನಂತ ಹೇಳ್ಲಿ?”

“ಏನೂ ಹೇಳಬ್ಯಾಡ. ಈಗ ಹೋಗಿ ಮುಚ್ಚಿದ ಯೋಜನಾಕ ಕೈ ಒತ್ತು. ಆಮ್ಯಾಲೆ ಆಪರೇಶನ್ನು.”

“ಮತ್ತ ನಿಂದು? ನಾ ಡಾಕ್ಟರ ಮುಂದ ಖರೇ ಹೇಳಿಬಿಡ್ತೀನಿ, ಗೆರಿ ನಂದು ಅಂತ. ನಿನಗ ಹಸಿರು ಸಿಗತೈತಿ.”

“ಬಾಯಿ ಮುಚ್ಚಲೇ!” ಮಂದಾಕಿನಿ ಕಿರುಚಿದ್ದಕ್ಕೆ ಆಟೋದವನು ತಿರುಗಿ ನೋಡಿದ. “ಹಂಗ ಹೇಳಿದ್ರ ನಿನ್ನ ಹೆಸರನ್ನ ಎಲ್ಲಾ ಕಡೆ ಹೊಡದು ಹಾಕ್ತಾರ. ಒಂದು ಸಲ ನನ್ನ ಮಾತು ಕೇಳು.”

ಹಳೇ ಬಸ್‌ ನಿಲ್ದಾಣದ ಹತ್ತಿರ ಆಟೋ ಸಿಕ್ಕಿಹಾಕಿಕೊಂಡಿತು. ಕಾಲೇಜಿಗೆ ಬಂದಾಗ ಐದಕ್ಕೆ ಹದಿಮೂರು ನಿಮಿಷ. ಲಿಫ್ಟು ಅಧ್ಯಾಪಕರ ಕಾರ್ಡಿಗೆ ಮಾತ್ರ ತೆರೆಯುವಂಥದ್ದು. ಮಂದಾಕಿನಿ ಅತ್ತಿತ್ತ ನೋಡಿದಳು, ಒಬ್ಬ ಅಧ್ಯಾಪಕನ ಸುಳಿವೂ ಇರಲಿಲ್ಲ. ಗಡಿಯಾರ ಕಂಡದ್ದೇ ತಡ, ರೆಹಾನಾಳ ಕೈ ಹಿಡಿದು ಮೆಟ್ಟಿಲ ಮೇಲೆ ಓಡತೊಡಗಿದಳು. ಬೇಡವೆಂದು ಬೆಳಿಗ್ಗೆ ಡಾಕ್ಟರು ಯಾವುದನ್ನು ಹೇಳಿದ್ದರೋ ಅದನ್ನೇ ಮಾಡಿಸುತ್ತಿದ್ದೇನೆಂಬುದು ಅವಳ ತಲೆಗೆ ಬರಲೇ ಇಲ್ಲ.

ಎರಡನೇ ಮಹಡಿಯ ತಿರುವಿನಲ್ಲಿ ರೆಹಾನಾಳ ಕೈ ಅವಳ ಕೈಯಿಂದ ಜಾರಿತು. ತಿರುಗಿ ನೋಡಿದರೆ ಅವಳು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಸಿದಿದ್ದಳು. ತುಟಿ ಬಿಳಿಚಿತ್ತು, ಹಣೆಯ ತುಂಬ ಬೆವರು.

“ಒಂದ ನಿಮಿಷ… ಕುಂತು ಏಳ್ತೀನಿ…”

“ಏಳಬ್ಯಾಡ! ರೆಹಾನಾ, ಏಳಬ್ಯಾಡ!” ಎಂಥ ದಡ್ಡಿ ನಾನು, ನನ್ನ ಕೈಯಾರೆ ಇವಳನ್ನು ಕೊಲ್ಲುತ್ತಿದ್ದೆನಲ್ಲ ಎಂದು ಮಂದಾಕಿನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಅವಳು ಮೇಲಕ್ಕೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗಿದಳು, “ಮೇಡಂ! ಸುಲೋಚನಾ ಮೇಡಂ! ಕೆಳಗ ಬರ್ರಿ, ಲಗೂನ ಬರ್ರಿ!”

ಮೇಲೆ ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಕಟಾಂಜನದಿಂದ ಬಗ್ಗಿ ನೋಡಿದರು. ಡಾಕ್ಟರು ಒಂದು ಕೈಯಲ್ಲಿ ಔಷಧದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಳೆ ಓದುವ ಸಣ್ಣ ಯಂತ್ರ ಹಿಡಿದು ಇಳಿದು ಬಂದರು. ರೆಹಾನಾಳ ನಾಲಗೆಯಡಿ ಒಂದು ಗುಳಿಗೆ ಇಟ್ಟು, ಆಂಬುಲೆನ್ಸಿಗೆ ಹೇಳಿ, ಯಂತ್ರವನ್ನು ಅವಳ ಬಳೆಗೆ ತಾಗಿಸಿದರು. ಪುಟ್ಟ ಪರದೆಯ ಮೇಲೆ ಗೆರೆ ಓಡಿತು. ಅದೇ ಗೋಜಲು.

ಡಾಕ್ಟರು ಅದನ್ನು ನೋಡಿದರು. ಮಂದಾಕಿನಿಯ ಮುಖ ನೋಡಿದರು. ಮತ್ತೆ ಗೆರೆ ನೋಡಿದರು.

“ಈ ಗೆರಿ ನಾ ಇವತ್ತು ಮುಂಜಾನಿ ನೋಡೀನಿ,” ಎಂದರು ಡಾಕ್ಟರು, ಇಬ್ಬರಿಗೆ ಮಾತ್ರ ಕೇಳುವಂತೆ.

ಮೇಲಿನಿಂದ ಯಾರೋ, “ಇನ್ನ ನಾಕ ನಿಮಿಷ ಐತ್ರಿ ಮೇಡಂ,” ಎಂದು ಕೂಗಿದರು.

“ನಾ ಸರ್ಕಾರಿ ನೌಕರಿ ಮಾಡಾಕಿ. ಕಂಡದ್ದನ್ನ ಬರೀಬೇಕು.” ಡಾಕ್ಟರು ಕನ್ನಡಕ ತೆಗೆದು ಸೀರೆಯಿಂದ ಒರೆಸತೊಡಗಿದರು. ಒರೆಸುವುದು ಮುಗಿಯುವಂತೆಯೇ ಕಾಣಲಿಲ್ಲ. “ಆದ್ರ ಮುಚ್ಚಿದ ಯೋಜನಾ ಆರಿಸಿದವರ ಗೆರಿ ನೋಡೂದು ಅಪರಾಧ. ಅಳಿಸಿ ಹೋದದ್ದನ್ನ ಬರೀಯಾಕೂ ಬರಂಗಿಲ್ಲ. ಏ ಹುಡುಗಿ, ಯಾವ ಯೋಜನಾ ಬೇಕು ನಿನಗ?”

“ಮುಚ್ಚಿದ್ದು,” ಎಂದಳು ರೆಹಾನಾ ಪಿಸುಮಾತಿನಲ್ಲಿ. ಅವಳ ಹೆಬ್ಬೆರಳು ಯಂತ್ರದ ಮೇಲೆ ಬಿತ್ತು. ಪರದೆಯ ಗೆರೆ ಒಮ್ಮೆ ನಡುಗಿ ಮಾಯವಾಯಿತು.

ಮೇಲಿನ ಫಲಕದಲ್ಲಿ ಕಂತು ಕೂದಲೆಳೆಯಷ್ಟು ಇಳಿಯಿತು. ಹಸಿರಿನವಳೊಬ್ಬಳು ತಾನಾಗಿ ಮುಚ್ಚಿದ ಯೋಜನೆಗೆ ಬಂದಳೆಂದು ಯಂತ್ರದ ಲೆಕ್ಕ. ಸಾಲಿನಲ್ಲಿದ್ದ ಕೆಂಪಿನ ಹುಡುಗಿಯರು ಚಪ್ಪಾಳೆ ತಟ್ಟಿದರು. “ಏನ್ ದೊಡ್ಡ ಮನಸಲೇ ಆಕೀದು!” ಎಂದು ಒಬ್ಬಳು ಹೇಳಿದ್ದು ಕೆಳಗೂ ಕೇಳಿಸಿತು.

“ಈಗ ನೀನು,” ಡಾಕ್ಟರು ಯಂತ್ರವನ್ನು ಮಂದಾಕಿನಿಯ ಮುಂದೆ ಹಿಡಿದರು. “ಮರುಪರೀಕ್ಷಾ ನಿನ್ನ ಹಕ್ಕು. ನಾ ಬ್ಯಾಡ ಅನ್ನಂಗಿಲ್ಲ. ಮರುಪರೀಕ್ಷಾ ಇರಲಿ, ತೆರೆದ ಯೋಜನಾ ಇರಲಿ, ನಿನ್ನ ಗೆರಿ ಉಳದ್ರ ಅದು ಯಾರದಂತ ಹುಡುಕಾಕ ಬರತಾರ. ಈಕಿ ಗೆರಿ ಅಳಿಸಿದ್ರೂ, ಇವತ್ತ ದವಾಖಾನಿಗೆ ಹೋದಾಕಿ ಯಾರಂತ ಕೇಳತಾರ. ಅಳಿಸಿದ್ರ ಯಾರೂ ಬರೂದಿಲ್ಲ, ಆದ್ರ ನಿನಗ ಹಸಿರು ಎಂದೂ ಸಿಗೂದಿಲ್ಲ. ತಿಳದು ಒತ್ತು.”

“ಒತ್ತಬ್ಯಾಡ ಮಂದಾ,” ರೆಹಾನಾ ಅವಳ ಲಂಗ ಹಿಡಿದೆಳೆದಳು. “ನಿನ್ನ ಎದಿ ಗಟ್ಟಿ ಐತಿ.”

ಮಂದಾಕಿನಿಯನ್ನು ದೇವತೆ ಮಾಡಲು ನನಗೆ ಮನಸ್ಸಿಲ್ಲ. ಅವಳಿಗೆ ಹೊಟ್ಟೆ ಉರಿಯಿತು. ಗಟ್ಟಿ ಎದೆ ಇಟ್ಟುಕೊಂಡು ಸಾಯುವತನಕ ಮೈತುಂಬ ರೋಗವಿದ್ದವಳ ಹಾಗೆ ಕಂತು ಕಟ್ಟಬೇಕೆ? ಚಪ್ಪಾಳೆ ಬೇರೆ ಅವಳಿಗೆ! ಕೈ ಯಂತ್ರದ ಮೇಲೆ ಹೋಗಿ ಹಾಗೇ ನಿಂತಿತು. ಎರಡು ರೊಟ್ಟಿಯ ಮಾಸ್ತರು ತೆಪ್ಪಗೆ ತಾಟಿಗೆ ಕೈ ಹಾಕಿದ್ದು ಕಣ್ಣಮುಂದೆ ಬಂತು. ತಾನು ರೊಟ್ಟಿ ಬಡಿದ ಒಂದೊಂದು ಮುಂಜಾನೆಯೂ ಇವಳು ಈ ಮೆಟ್ಟಿಲ ಮೇಲೆ ಹೀಗೇ ಗೋಡೆ ಹಿಡಿದು ನಿಂತಿರಬೇಕು. ಒಂದು ದಿನವೂ ಇವತ್ತು ಆಗುವುದಿಲ್ಲ ಎಂದು ಹೇಳಿರಲಿಲ್ಲ.

“ಮುಚ್ಚಿದ್ದು ರಿ,” ಎಂದು ಒತ್ತಿದಳು.

ಮೇಲೆ ಕಂತು ಮತ್ತೆ ಏರಿತು. ಕೆಂಪಿನವಳೊಬ್ಬಳು ಹೆಚ್ಚಾದಳಲ್ಲ! ಸಾಲಿನಲ್ಲಿ ಯಾರೋ ಪಾಪ ಎಂದು ಲೊಚಗುಟ್ಟಿದರು.

ಡಾಕ್ಟರು ಪೆಟ್ಟಿಗೆಯಿಂದ ಕತ್ತರಿ ತೆಗೆದು ಇಬ್ಬರ ಬಳೆಗಳನ್ನೂ ಕತ್ತರಿಸಿದರು. ಆಮೇಲೆ ಮೆಟ್ಟಿಲ ಮೇಲೆ ರೆಹಾನಾಳ ಪಕ್ಕದಲ್ಲಿ ಕೂತು, ಬಳೆ ಇದ್ದ ಜಾಗದಲ್ಲೇ ಮೂರು ಬೆರಳಿಟ್ಟು ನಾಡಿ ಹಿಡಿದರು. ಅವರ ಕೈಗಡಿಯಾರದ ಮುಳ್ಳು ಐದು ದಾಟಿತು.

“ನಾ ಎಣಸಾಕತ್ತೀನಿ. ಯಾರೂ ಮಾತಾಡಬ್ಯಾಡ್ರಿ,” ಎಂದರು.

ಎಣಿಸಿ ಮುಗಿಸಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. “ತಾಳ ಹಿಡದೈತಿ. ಇನ್ನ ದವಾಖಾನಿ ಮುಟ್ಟಿದ್ರ ಆತು,” ಎಂದರು. ಕೆಳಗಡೆ ಆಂಬುಲೆನ್ಸಿನ ಸದ್ದು ಕೇಳಿಸಿತು.

ರೆಹಾನಾಳ ಕಣ್ಣಿಂದ ನೀರು ಇಳಿಯುತ್ತಿತ್ತು. “ಯಾಕ ಒತ್ತಿದಿ ಹುಚ್ಚಿ? ಜಲ್ಮ ಪೂರ್ತಿ ನನ್ನ ಬ್ಯಾನಿ ನಿನ್ನ ಹೆಸರಿಲೆ…”

“ನಲವತ್ತು ದಿನ ನೀ ನನ್ನ ಪ್ರಾಕ್ಸಿ ಹಾಕಿದಿ,” ಎಂದಳು ಮಂದಾಕಿನಿ, ಮೂಗು ಒರೆಸಿಕೊಳ್ಳುತ್ತ. “ಈಗ ನಾ ನಿಂದು ಹಾಕೀನಿ. ಸುಮ್ಮನ ಕುಂದರು.”

ಸ್ಟ್ರೆಚರ್ ಹಿಡಿದವರು ಮೆಟ್ಟಿಲು ಹತ್ತಿ ಬಂದರು. ರೆಹಾನಾಳನ್ನು ಮಲಗಿಸಿ ಪಟ್ಟಿ ಬಿಗಿಯುವಾಗ ಅವಳು ಗೆಳತಿಯ ಬೋಳು ಮುಂಗೈ ಹಿಡಿದು, ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಕೊನೆಗೂ ಹೇಳಿದಳು.

“ನಾಳಿಂದ ಎಂಟೂವರಿ ಕ್ಲಾಸಿಗೆ ನೀನಾ ಹೋಗು ಮಂದಾ. ನನ್ನ ಕಡಿಂದ ಆಗೂದಿಲ್ಲ.”